ತಾಂತ್ರಿಕ ವಿದ್ಯೆ ಮತ್ತು ದಾಸೋಹಧರ್ಮ

ಶರಣಧರ್ಮದಲ್ಲಿ ಕಾಯಕ ದಾಸೋಹಗಳೆರಡೂ ಒಂದೇ ಹಕ್ಕಿಯ ಎರಡು ರೆಕ್ಕೆಗಳಂತಿವೆ. ಕಾಯಕವಿಲ್ಲದವನಿಗೆ ದಾಸೋಹ ಮಾಡುವ ಅಧಿಕಾರವಿಲ್ಲ. ದಾಸೋಹಕ್ಕೆ ಸಲ್ಲದ ಕಾಯಕವು ಬರಿಯ ಗಳಿಕೆಯೆನಿಸುವುದು. ದುಡಿದು ತಂದುದನ್ನು ಗುರು-ಲಿಂಗ-ಜಂಗಮಕ್ಕೆ ಅರ್ಪಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಗೃಹಸ್ಥಭಕ್ತನ ನಿತ್ಯವ್ರತ. ಈ ವ್ರತವು ಮನೆಯ ಹೊಸ್ತಿಲಿಗೆ ನಿಲ್ಲತಕ್ಕದ್ದಲ್ಲ. ಹಸಿದವನಿಗೆ ಅನ್ನವು ಹೇಗೋ, ಅರಿವಿಗೆ ಹಸಿದವನಿಗೆ ವಿದ್ಯೆಯೂ ಹಾಗೆಯೇ ದಾಸೋಹದ್ರವ್ಯವಾಗಿದೆ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಮೊದಲು ಮನಗಾಣಬೇಕು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ಕೊಟ್ಟವನು ದಾತಾರನೆನಿಸಿಕೊಳ್ಳುತ್ತಾನೆ, ಕೊಂಡವನು ಋಣಿಯಾಗುತ್ತಾನೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸ. ಶಿವನು ಕೊಟ್ಟುದನ್ನು ಶಿವನ ಸಮಾಜಕ್ಕೆ ಹಿಂದಿರುಗಿಸುವ ಸೇವಕನು ತಾನೆಂಬ ಭಾವವು ಅವನಲ್ಲಿ ನೆಲೆಗೊಂಡಿರುತ್ತದೆ. ನೀಡಿದವನು ತಾನೆಂಬ ನೆನಪು ಮನಸ್ಸಿನಲ್ಲಿ ಸುಳಿದರೂ ಸಾಕು, ಮಾಡಿದ ಸತ್ಕಾರ್ಯವು ಮಾಡಿದವನಿಗೇ ಮುಳುವಾಗುವುದೆಂದು ಬಸವಣ್ಣನವರು ಎಚ್ಚರಿಸಿರುವುದು ಈ ಕಾರಣದಿಂದಲೇ.

ಇಂಜನಿಯರಿಂಗ್ ಕಾಲೇಜಿಗೂ ದಾಸೋಹಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಪಾಠಶಾಲೆ, ಪ್ರಸಾದನಿಲಯ, ಗ್ರಂಥಭಂಡಾರಗಳಿಗೆ ಕೊಡುವುದು ಧರ್ಮಕಾರ್ಯ. ಯಂತ್ರ, ಕಬ್ಬಿಣ, ವಿದ್ಯುತ್ತು, ಗಣಕಗಳನ್ನು ಕಲಿಸುವ ಶಾಲೆಗೆ ಕೊಡುವುದು ಲೌಕಿಕ ಕಾರ್ಯವೆಂದು ಭಾವಿಸುವವರುಂಟು. ಕಲ್ಯಾಣದ ಅನುಭವಮಂಟಪದಲ್ಲಿ ಕುಳಿತಿದ್ದವರು ಯಾರೆಂಬುದನ್ನು ಸ್ಮರಿಸಿದರೆ ಈ ಸಂದೇಹವು ತಾನಾಗಿ ಕರಗುವುದು. ನುಲಿಯ ಚಂದಯ್ಯನವರು ಹುಲ್ಲಿನಿಂದ ಹಗ್ಗ ಹೊಸೆದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಇವರೂ ಕೈಯಲ್ಲಿ ಉಪಕರಣ ಹಿಡಿದು ಬಾಳಿದವರು. ಕೈಕಸಬಿಗೆ ಅನುಭಾವದ ಪಕ್ಕದಲ್ಲಿ ಗದ್ದುಗೆ ಹಾಕಿಕೊಟ್ಟ ಧರ್ಮವು ಇಂದಿನ ಕೈಕಸಬಾದ ತಾಂತ್ರಿಕ ವಿದ್ಯೆಯನ್ನು ಹೊರಗಿಡುವುದೆಂತು? ಸೇತುವೆಯನ್ನು ಕಟ್ಟುವವನ ಲೆಕ್ಕ ತಪ್ಪಿದರೆ ಜೀವಹಾನಿಯಾಗುತ್ತದೆ. ಕೆರೆಯ ಕೋಡಿಯನ್ನು ಅಳೆಯುವವನು ಅರಿವಿಲ್ಲದವನಾದರೆ ಊರೇ ಕೊಚ್ಚಿಹೋಗುತ್ತದೆ. ಆ ವಿದ್ಯೆಯನ್ನು ಶುದ್ಧವಾಗಿ ಕಲಿಸುವ ಸ್ಥಾನವು ಧರ್ಮದ ಕಣ್ಣಿಗೆ ಪುಣ್ಯಸ್ಥಾನವೇ ಸರಿ.

ಈ ಮಾತಿಗೆ ಸೊನ್ನಲಿಗೆಯ ಸಿದ್ಧರಾಮೇಶ್ವರರಿಗಿಂತ ಮಿಗಿಲಾದ ನಿದರ್ಶನವು ಬೇಕಿಲ್ಲ. ಇಂದಿನ ಸೊಲ್ಲಾಪುರದಲ್ಲಿ ಅವರು ಜನರನ್ನು ಕೂಡಿಸಿ ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು. ಬರದ ನಾಡಿಗೆ ನೀರುಣಿಸುವುದು ಶಿವಪೂಜೆಯೆಂದೇ ಅವರು ಬಗೆದಿದ್ದರು. ಅಲ್ಲಿಗೆ ಅಲ್ಲಮಪ್ರಭುದೇವರು ಬಿಜಯಂಗೈದರು. ಒಡ್ಡರಾಮನೆಲ್ಲಿ ಎಂದು ಕೇಳಿದ ಆ ಜಂಗಮನ ಮೇಲೆ ಕೆರೆಯ ಕೆಲಸಗಾರರು ಕಲ್ಲೆಸೆದರೆಂದೂ, ಕೋಪಿಸಿಕೊಂಡು ಬಂದ ಸಿದ್ಧರಾಮರು ಪ್ರಭುವಿನ ನಿಲುವನ್ನು ಕಂಡು ತಲೆಬಾಗಿದರೆಂದೂ ಶೂನ್ಯಸಂಪಾದನೆಯ ಪರಂಪರೆಯು ಹೇಳುತ್ತದೆ. ಪ್ರಭುದೇವರು ಕೆರೆಯನ್ನು ಹೀಗಳೆಯಲು ಬಂದವರಲ್ಲ; ನೀರು ನೀರೇ, ಅದು ಬಾಯಾರಿದವನ ದಾಹವನ್ನು ಹಿಂಗಿಸುವುದು. ಆದರೆ ಕೆರೆ ಕಟ್ಟಿದವನು ತಾನೆಂಬ ಭಾವವು ಕಟ್ಟಿದವನ ಕೊರಳಿಗೆ ಕಟ್ಟಿದ ಗುಂಡುಕಲ್ಲಾಗುವುದೆಂದು ಅವರು ತೋರಿಸಿಕೊಟ್ಟರು. ಆ ಭಾವವು ಕಳಚಿದ ಮೇಲೆ ಸಿದ್ಧರಾಮರು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದು ಶಿವಯೋಗಿಗಳಾಗಿ ಬೆಳಗಿದರು. ಅವರ ಕೆರೆಯೂ ಉಳಿಯಿತು. ವಿದ್ಯಾಸಂಸ್ಥೆಗಳಿಗೆ ದ್ರವ್ಯವನ್ನು ಸಮರ್ಪಿಸುವ ಪ್ರತಿಯೊಬ್ಬ ಭಕ್ತನೂ ಈ ಪ್ರಸಂಗವನ್ನು ಎದೆಯಲ್ಲಿ ಇಟ್ಟುಕೊಳ್ಳತಕ್ಕದ್ದು.

ಕನ್ನಡನಾಡಿನಲ್ಲಿ ಈ ದಾಸೋಹಭಾವವು ವಿದ್ಯಾಕ್ಷೇತ್ರಕ್ಕೆ ಹರಿದುಬಂದ ಬಗೆಯು ಅವಲೋಕನೀಯವಾಗಿದೆ. 1883ರಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಮಹನೀಯರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ ಬಡ ವಿದ್ಯಾರ್ಥಿಗಳಿಗೆ ಆಶ್ರಯವಿತ್ತರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾದಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಏಳಿಗೆಗೆ ಮೀಸಲಿಟ್ಟುಹೋಗಿದ್ದರು. ಸಮಾಜವು ಅವರನ್ನು ತ್ಯಾಗವೀರರೆಂದು ಕರೆಯಿತು. ಅವರ ಹೆಸರಿನ ವಿಶ್ವಸ್ತನಿಧಿಯಿಂದ ಸಹಾಯ ಪಡೆದು ಓದಿ ನಾಡಿಗೆ ಉಪಕಾರಿಗಳಾದವರ ಸಂಖ್ಯೆಯು ದೊಡ್ಡದು.

1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಜನರು ಅವರನ್ನು ಸಪ್ತರ್ಷಿಗಳೆಂದು ಗೌರವಿಸಿದರು. ಅವರಲ್ಲೊಬ್ಬರಾದ ಶಿ. ಶಿ. ಬಸವನಾಳರು ವಚನಸಾಹಿತ್ಯದ ಸಂಪಾದನೆಯಲ್ಲಿ ಚಿರಸ್ಮರಣೀಯರು. ಸಿರಿವಂತರು ಹಣವನ್ನು ಕೊಟ್ಟರು. ಈ ಅಧ್ಯಾಪಕರು ಆಜೀವ ಸದಸ್ಯರಾಗಿ, ಅಲ್ಪ ವೇತನವನ್ನು ಸ್ವೀಕರಿಸಿ, ತಮ್ಮ ಆಯುಷ್ಯವನ್ನೇ ಕೊಟ್ಟರು. ತನು-ಮನ-ಧನವೆಂಬ ತ್ರಿವಿಧ ದಾಸೋಹದಲ್ಲಿ ಧನಕ್ಕೆ ಕೊನೆಯ ಸ್ಥಾನವೇಕೆಂಬುದು ಇಲ್ಲಿ ಕಾಣುತ್ತದೆ.

ಆ ಕಾಲದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಬಾಲಕನು ಇಂಜನಿಯರನಾಗಬೇಕೆಂದರೆ 1854ರಿಂದ ನಡೆದುಬಂದಿದ್ದ ಪುಣೆಯ ಕಾಲೇಜಿನಂತಹ ದೂರದ ಶಾಲೆಗಳ ಬಾಗಿಲು ತಟ್ಟಬೇಕಾಗಿದ್ದಿತು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ 1917ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜು ತಲೆಯೆತ್ತಿದ್ದರೂ ಬಡಗಣ ಜಿಲ್ಲೆಗಳ ರೈತನ ಮಗನಿಗೆ ಅದೂ ದೂರವೇ. ಈ ಕೊರತೆಯನ್ನು ನೀಗಲು 1947ರಲ್ಲಿ ಹುಬ್ಬಳ್ಳಿಯಲ್ಲಿ ಬೆಳಗಾವಿಯ ಅದೇ ಸಂಸ್ಥೆಯು ದಾನಿಗಳಾದ ಭೂಮರಡ್ಡಿಯವರ ಹೆಸರಿನಲ್ಲಿ ಇಂಜನಿಯರಿಂಗ್ ಕಾಲೇಜನ್ನು ತೆರೆಯಿತು. 2015ರಿಂದ ಅದು ತಾಂತ್ರಿಕ ವಿಶ್ವವಿದ್ಯಾಲಯದ ರೂಪವನ್ನು ತಾಳಿದೆ. 1951ರಲ್ಲಿ ದಾವಣಗೆರೆಯಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರು ಹೊತ್ತ ಕಾಲೇಜು, 1958ರಲ್ಲಿ ಕಲಬುರಗಿಯಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪನವರ ಹೆಸರಿನ ಕಾಲೇಜು, 1963ರಲ್ಲಿ ಬಾಗಲಕೋಟೆಯ ಬಸವೇಶ್ವರ ಕಾಲೇಜು, ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ, ಮೈಸೂರಿನಲ್ಲಿ ಸುತ್ತೂರು ಮಠದ ವಿದ್ಯಾಪೀಠದ ಶ್ರೀ ಜಯಚಾಮರಾಜೇಂದ್ರ ಕಾಲೇಜು ಹೀಗೆ ಒಂದರ ಹಿಂದೊಂದು ಹುಟ್ಟಿದವು. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮಿಗಳು ಊರೂರಿಗೆ ನಡೆದು ಭಿಕ್ಷೆಯನ್ನು ಸಂಗ್ರಹಿಸಿ ಸಾವಿರಾರು ಮಕ್ಕಳಿಗೆ ಅನ್ನ, ಅರಿವು, ಆಸರೆಗಳನ್ನಿತ್ತುದನ್ನು ನಾಡು ಕಂಡಿದೆ. ಮುಷ್ಟಿ ರಾಗಿ ಕೊಟ್ಟ ತಾಯಿಯ ಪಾಲೂ ಅಂತಹ ಮಠಗಳು ಬೆಳೆಸಿದ ವಿದ್ಯಾಲಯಗಳ ಅಡಿಗಲ್ಲಿನಲ್ಲಿ ಸೇರಿಕೊಂಡಿದೆ.

ಶಾಲೆಯೊಂದನ್ನು ಹಲವರು ಕೂಡಿ ಕಟ್ಟುವುದಕ್ಕೆ ಇನ್ನೊಂದು ಉಜ್ವಲವಾದ ನಿದರ್ಶನವು ಬೆಂಗಳೂರಿನಲ್ಲಿಯೇ ಇದೆ. ಜಮ್‌ಶೇಟ್‌ಜಿ ಟಾಟಾ ಅವರು 1898ರಲ್ಲಿ ಉನ್ನತ ವಿಜ್ಞಾನಶಾಲೆಯೊಂದರ ಸ್ಥಾಪನೆಗಾಗಿ ತಮ್ಮ ಸ್ವತ್ತಿನ ದೊಡ್ಡ ಭಾಗವನ್ನು ಎತ್ತಿಟ್ಟರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಭಾರತ ಸರ್ಕಾರವು ಮಂಜೂರಾತಿಯನ್ನು ನೀಡಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಆರಂಭದ ವಿಭಾಗಗಳಲ್ಲಿ ವಿದ್ಯುತ್ ತಂತ್ರವಿದ್ಯೆಯ ವಿಭಾಗವೂ ಒಂದಾಗಿದ್ದಿತು. ಒಬ್ಬನ ಧನ, ಒಂದು ಸಂಸ್ಥಾನದ ಭೂಮಿ, ಒಂದು ಸರ್ಕಾರದ ಒಪ್ಪಿಗೆ ಇವು ಮೂರೂ ಕೂಡಿದಾಗಲೇ ಆ ಕಾರ್ಯವು ಕೈಗೂಡಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯವು ಟಾಟಾ ಅವರಿಗೆ ಇರಲಿಲ್ಲ. ಅವರು 1904ರಲ್ಲಿಯೇ ತೀರಿಕೊಂಡಿದ್ದರು. ಆ ಶಾಲೆಯ ಅಧಿಕೃತ ನಾಮವು ಭಾರತೀಯ ವಿಜ್ಞಾನ ಸಂಸ್ಥೆ ಎಂಬುದಾಗಿದೆ. ದಾತಾರರ ಹೆಸರು ಅದರಲ್ಲಿಲ್ಲ. ಆದರೂ ಬೆಂಗಳೂರಿನ ಜನರ ನಾಲಗೆಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಹೆಸರನ್ನು ಬಿಟ್ಟುಕೊಟ್ಟವರ ಹೆಸರನ್ನು ಜನರು ತಾವಾಗಿ ಎತ್ತಿಕೊಂಡರು.

ಇಲ್ಲಿ ಒಂದು ಸೂಕ್ಷ್ಮವನ್ನು ವಿಚಾರಿಸಬೇಕಾಗಿದೆ. ಸ್ಥಾವರಕ್ಕಿಂತ ಜಂಗಮವು ಮಿಗಿಲೆಂಬುದು ಬಸವಣ್ಣನವರ ಬೋಧೆಯ ಸಾರ. ವಿದ್ಯಾಲಯದಲ್ಲಿಯೂ ಈ ಎರಡುಂಟು. ಕಟ್ಟಡ, ಸಭಾಂಗಣ, ಹೆಬ್ಬಾಗಿಲು ಇವು ಸ್ಥಾವರ. ಕಲಿಸುವ ಗುರು, ಕಲಿಯುವ ಶಿಷ್ಯ, ಅವರಿಬ್ಬರ ನಡುವೆ ನಡೆಯುವ ಅರಿವು ಇವು ಜಂಗಮ. ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಾದುದರಿಂದ ಸ್ಥಾವರಕ್ಕೆ ಕೊಡಲು ಭಕ್ತರು ಬೇಗ ಮುಂದಾಗುತ್ತಾರೆ. ಪ್ರಯೋಗಶಾಲೆಯ ಯಂತ್ರದ ವಾರ್ಷಿಕ ದುರಸ್ತಿಗೆ ಕೊಟ್ಟವನ ಹೆಸರನ್ನು ಎಲ್ಲಿ ಕೆತ್ತುವುದು? ಆದುದರಿಂದ ಆ ಖರ್ಚಿಗೆ ಕೈಯೆತ್ತುವವರು ವಿರಳ.

ಆದರೆ ಇಂಜನಿಯರಿಂಗ್ ವಿಭಾಗವೊಂದರ ಜೀವವು ಇರುವುದು ಆ ಹೆಸರಿಲ್ಲದ ಖರ್ಚುಗಳಲ್ಲಿಯೇ. ಉಕ್ಕಿನ ಸರಳನ್ನು ಎಳೆದು, ಅದು ಎಷ್ಟು ಭಾರಕ್ಕೆ ತುಂಡಾಗುವುದೆಂದು ತೋರಿಸುವ ಪರೀಕ್ಷಾಯಂತ್ರವನ್ನು ಒಮ್ಮೆ ಕೊಂಡರೆ ಸಾಲದು. ಅದರ ಅಳತೆಯನ್ನು ಕಾಲಕಾಲಕ್ಕೆ ಸರಿನೋಡಿಸದಿದ್ದರೆ ಅದು ಸುಳ್ಳು ಹೇಳತೊಡಗುತ್ತದೆ. ಕಾಂಕ್ರೀಟಿನ ಅಚ್ಚುಗಳನ್ನು 28 ದಿನಗಳವರೆಗೆ ನೀರಿನಲ್ಲಿಟ್ಟು ಒಡೆದು ನೋಡುವ ಪಾಠಕ್ಕೆ ಸಿಮೆಂಟು, ಮರಳು, ಜಲ್ಲಿ ಪ್ರತಿವರ್ಷವೂ ಹೊಸದಾಗಿ ಬೇಕು. ವಿದ್ಯಾರ್ಥಿಯು ಲೇತ್ ಯಂತ್ರದ ಮುಂದೆ ನಿಂತು ನಾಲ್ಕು ಕಬ್ಬಿಣದ ತುಂಡುಗಳನ್ನು ಕೆಡಿಸಿದ ಮೇಲೆಯೇ ಐದನೆಯದು ಸರಿಯಾಗಿ ಹೊರಬರುವುದು. ಆ ನಾಲ್ಕು ತುಂಡುಗಳ ಬೆಲೆಯನ್ನು ಯಾರಾದರೂ ಕೊಡಲೇಬೇಕು. ಗಣಕಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಒಳ್ಳೆಯ ಅಧ್ಯಾಪಕನಿಗೆ ತಕ್ಕ ವೇತನ ಸಿಕ್ಕದಿದ್ದರೆ ಅವನು ಕಾರ್ಖಾನೆಯತ್ತ ಹೋಗುತ್ತಾನೆ. ಯಂತ್ರವಿದ್ದು ಕಲಿಸುವವನಿಲ್ಲದ ಶಾಲೆಯು ದೇವರಿಲ್ಲದ ಗುಡಿಯಂತೆ.

ಆದುದರಿಂದ ಬಲ್ಲವರು ಮೂಲನಿಧಿಯೆಂಬ ಮಾರ್ಗವನ್ನು ಹೇಳುತ್ತಾರೆ. ಕೊಟ್ಟ ಹಣವನ್ನು ಖರ್ಚುಮಾಡದೆ ಠೇವಣಿಯಿಟ್ಟು, ಅದರ ಉತ್ಪನ್ನದಿಂದ ಮಾತ್ರ ಕಾರ್ಯವನ್ನು ನಡೆಸುವುದು ಇದರ ಕ್ರಮ. ಒಂದು ಕೋಟಿ ರೂಪಾಯಿಗಳ ನಿಧಿಗೆ ನೂರಕ್ಕೆ 7ರಂತೆ ಬಡ್ಡಿ ಬರುವುದೆಂದಿಟ್ಟುಕೊಂಡರೆ ವರ್ಷಕ್ಕೆ 7 ಲಕ್ಷ ರೂಪಾಯಿಗಳಾಗುತ್ತವೆ. ಅದರಲ್ಲಿ 4 ಲಕ್ಷವನ್ನು ವಿದ್ಯಾರ್ಥಿವೇತನಕ್ಕೂ ಪ್ರಯೋಗಶಾಲೆಗೂ ವಿನಿಯೋಗಿಸಿ, 3 ಲಕ್ಷವನ್ನು ಮೂಲಧನಕ್ಕೆ ಮರಳಿ ಸೇರಿಸಿದರೆ, ಬೆಲೆಗಳು ಏರಿದರೂ ನಿಧಿಯು ಸೊರಗದು. ಇದು ಬೀಜದ ಕಾಳನ್ನು ಬೇಯಿಸಿ ಉಣ್ಣದೆ ಕಾಪಿಡುವ ಒಕ್ಕಲಿಗನ ವಿವೇಕ. ಒಬ್ಬನೇ ಕೋಟಿ ಕೊಡಬೇಕೆಂದೇನೂ ಇಲ್ಲ. ನೂರು ಮನೆಗಳು ತಿಂಗಳಿಗೆ 500 ರೂಪಾಯಿಗಳಂತೆ ಎತ್ತಿಟ್ಟರೆ ವರ್ಷಕ್ಕೆ 6 ಲಕ್ಷ ರೂಪಾಯಿಗಳಾಗುತ್ತವೆ. ಮುಷ್ಟಿಭಿಕ್ಷೆಯ ಶಕ್ತಿಯನ್ನು ಬಲ್ಲ ಸಮಾಜಕ್ಕೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಉಜ್ವಲ ಪರಂಪರೆಯಿದ್ದರೂ ಈ ನಾಡಿನಲ್ಲಿ ಒಂದು ಮಾತು ಕೆಟ್ಟುಹೋಗಿದೆ. ಅದು ಡೊನೇಷನ್ ಎಂಬ ಮಾತು. ಆ ಇಂಗ್ಲಿಷ್ ಶಬ್ದದ ಅರ್ಥ ದಾನ. ಆದರೆ ಇಂದು ಕರ್ನಾಟಕದ ಯಾವ ಮನೆಯಲ್ಲಿ ಆ ಶಬ್ದವನ್ನು ಉಚ್ಚರಿಸಿದರೂ ಕೇಳುವವರಿಗೆ ತೋರುವ ಅರ್ಥವೇ ಬೇರೆ. ಮಗನಿಗೋ ಮಗಳಿಗೋ ಸೀಟು ದೊರೆಯಲೆಂದು ಒಳಗಿಂದೊಳಗೆ ಕೊಡುವ ಹಣವೆಂದೇ ಎಲ್ಲರೂ ತಿಳಿಯುತ್ತಾರೆ. ಹೊಲವನ್ನು ಅಡವಿಟ್ಟು, ಬಂಗಾರವನ್ನು ಮಾರಿ, ರಸೀದಿಯಿಲ್ಲದೆ ಗಂಟನ್ನು ಎಣಿಸಿಕೊಟ್ಟ ತಂದೆಯೂ ತಾನು ಡೊನೇಷನ್ ಕೊಟ್ಟೆನೆಂದು ಹೇಳುತ್ತಾನೆ. ದಾನದ ಹೆಸರು ವ್ಯಾಪಾರಕ್ಕೆ ಹೀಗೆ ಅಂಟಿಕೊಂಡುದು ಧರ್ಮವನ್ನು ನಂಬಿದ ಸಮಾಜಕ್ಕೆ ಸಣ್ಣ ಕಳಂಕವಲ್ಲ.

ರಾಜ್ಯವು 1984ರಲ್ಲಿಯೇ ಇಂತಹ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕಾಯಿದೆಯನ್ನು ಮಾಡಿತು. 1992ರಲ್ಲಿ ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪದ್ಧತಿಯನ್ನು ಖಂಡಿಸಿತು. 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಅರ್ಹತೆಯ ಕ್ರಮದಲ್ಲಿ ಸೀಟುಗಳನ್ನು ಹಂಚುವ ಏರ್ಪಾಡಾಯಿತು. ಖಾಸಗಿ ಸಂಸ್ಥೆಗಳು ತಮ್ಮ ವೆಚ್ಚಕ್ಕೆ ತಕ್ಕ ಶುಲ್ಕವನ್ನು ಪಡೆಯಬಹುದು, ಲಾಭಕೋರತನ ಮಾತ್ರ ಸಲ್ಲದೆಂದು 2002ರಲ್ಲಿ ಅದೇ ನ್ಯಾಯಾಲಯವು ತಿಳಿಸಿತು. ಕಾಯಿದೆ ಕಟ್ಟಳೆಗಳು ಇಷ್ಟನ್ನು ಮಾಡಬಲ್ಲವು. ಮುಚ್ಚಿದ ಬಾಗಿಲಿನ ಹಿಂದೆ ಕೊಡುವ ಕೈಯನ್ನೂ ಕೊಳ್ಳುವ ಕೈಯನ್ನೂ ತಡೆಯಬಲ್ಲುದು ಅಂತಃಸಾಕ್ಷಿಯೊಂದೇ.

ಈ ಹಣವಿಲ್ಲದೆ ಕಾಲೇಜು ನಡೆಯುವುದು ಹೇಗೆ ಎಂದು ಕೆಲವರು ವಾದಿಸುತ್ತಾರೆ. ವಾದದಲ್ಲಿ ಅರ್ಧ ಸತ್ಯವಿದೆ. ಶಾಲೆಗೆ ಹಣವು ಬೇಕೇ ಬೇಕು. ಆದುದರಿಂದ ಮೂರನ್ನು ಬೇರೆಬೇರೆಯಾಗಿ ಇಡಬೇಕು. ಬಹಿರಂಗವಾಗಿ ಗೊತ್ತುಪಡಿಸಿದ, ರಸೀದಿ ಪಡೆದು ಸಲ್ಲಿಸುವ ಮೊತ್ತವು ಶುಲ್ಕ. ಅದು ವಿದ್ಯೆಯ ವೆಚ್ಚದ ಪಾಲು, ಅದರಲ್ಲಿ ತಪ್ಪಿಲ್ಲ. ಏನನ್ನೂ ಮರಳಿ ಬಯಸದೆ ಬಹಿರಂಗವಾಗಿ ಸಮರ್ಪಿಸುವುದು ದಾಸೋಹ. ಸೀಟನ್ನು ಮನಸ್ಸಿನಲ್ಲಿಟ್ಟುಕೊಂಡು ಗುಟ್ಟಾಗಿ ಕೊಡುವುದು ಇವೆರಡೂ ಅಲ್ಲ, ಅದು ಲಂಚ. ಕೊಡುವ ಮುನ್ನ ಭಕ್ತನು ತನ್ನನ್ನು ತಾನೇ ಕೇಳಿಕೊಳ್ಳಲಿ: ಈ ವರ್ಷ ತನ್ನ ಮನೆಯ ಮಗುವು ಆ ಶಾಲೆಗೆ ಸೇರುವಂತಿಲ್ಲದಿದ್ದರೆ ಈ ಹಣವನ್ನು ತಾನು ಕೊಡುತ್ತಿದ್ದೆನೆ? ಹೌದೆಂಬ ಉತ್ತರ ಬಂದರೆ ಕೊಡಲಿ. ಅಲ್ಲವೆಂದರೆ ಅದಕ್ಕೆ ದಾಸೋಹದ ಹೆಸರನ್ನು ಇಡದಿರಲಿ.

ಆಯ್ದಕ್ಕಿ ಮಾರಯ್ಯನವರ ಪುಣ್ಯಸ್ತ್ರೀ ಲಕ್ಕಮ್ಮನವರ ಕಥೆಯನ್ನು ಅರಿಯದ ಭಕ್ತರಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಆ ತಾಯಿಯು ಹಿಗ್ಗಲಿಲ್ಲ. ಬೇಕಾದುದಕ್ಕಿಂತ ಮಿಗಿಲಾದುದನ್ನು ತಂದಲ್ಲಿಯೇ ಚೆಲ್ಲಿಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿದರು. ಬಡತನದ ಗುಡಿಸಲಿನಲ್ಲಿ ನಿಂತು ಆಡಿದ ಆ ಮಾತಿನ ಮುಂದೆ ಲಕ್ಷಾಧೀಶರ ಗಂಟು ಹಗುರಾಗುತ್ತದೆ. ಅರ್ಹತೆಯಿಂದ ದೊರೆಯಬೇಕಾದ ಸೀಟನ್ನು ಹಣದಿಂದ ಕೊಳ್ಳುವವನು ಇನ್ನೊಬ್ಬ ಬಡ ಬಾಲಕನ ಪಾಲಿನ ಅಕ್ಕಿಯನ್ನು ತನ್ನ ಉಡಿಯಲ್ಲಿ ಕಟ್ಟಿಕೊಂಡು ಬಂದವನಲ್ಲವೆ? ಅದನ್ನು ಹಿಂದಕ್ಕೆ ಕಳುಹುವ ಲಕ್ಕಮ್ಮನವರು ಇಂದಿನ ಮನೆಗಳಲ್ಲಿಯೂ ಇರಬೇಕು. ತಾಯಂದಿರು ಮನಸ್ಸು ಮಾಡಿದರೆ ಈ ವ್ಯವಹಾರದ ಬೇರು ಅರ್ಧಕ್ಕರ್ಧ ಸಡಿಲುವುದು.

ಕೊಳ್ಳುವವರ ಧರ್ಮವೂ ಅಷ್ಟೇ ಕಠಿನವಾಗಿದೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ರಾಜದ್ರವ್ಯವು ಜಂಗಮರ ಪಾಲಾಯಿತೆಂದು ಚಾಡಿಕೋರರು ದೂರಿತ್ತಾಗ, ಭಂಡಾರವನ್ನು ತೆರೆದು ತೋರಿಸಿದರೆಂದೂ ಒಂದು ಹಣವೂ ಕೊರತೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಭಂಡಾರವನ್ನು ತೆರೆದು ತೋರಿಸುವ ಧೈರ್ಯವೇ ಭಂಡಾರಿಯ ಶುದ್ಧಿ. ಭಕ್ತರ ದ್ರವ್ಯವನ್ನು ಸ್ವೀಕರಿಸುವ ಆಡಳಿತ ಮಂಡಲಿಗಳು, ಮಠಗಳೂ ಸಹ, ಯಾವ ವಿಭಾಗಕ್ಕೆ ಎಷ್ಟು ಬಂದಿತು, ಎಷ್ಟು ವೆಚ್ಚವಾಯಿತು, ಎಷ್ಟು ವಿದ್ಯಾರ್ಥಿಗಳಿಗೆ ನೆರವಾಯಿತು ಎಂಬುದನ್ನು ಪ್ರತಿವರ್ಷವೂ ಅಚ್ಚುಮಾಡಿಸಿ ಭಕ್ತರ ಮುಂದಿಡಬೇಕು. ಲೆಕ್ಕವನ್ನು ಕೇಳುವುದು ಅವಿಶ್ವಾಸವೆಂದು ಯಾರೂ ತಿಳಿಯಬೇಕಾಗಿಲ್ಲ. ಪ್ರಸಾದದ ಅಗುಳೊಂದೂ ನೆಲಕ್ಕೆ ಬೀಳಬಾರದೆಂಬ ಎಚ್ಚರವು ದ್ರವ್ಯದಲ್ಲಿಯೂ ಇರತಕ್ಕದ್ದು.

ಇನ್ನು ಸಹಯೋಗದ ವಿಚಾರ. ಇಂದು ಉದ್ಯಮಗಳೂ ವಿಶ್ವವಿದ್ಯಾಲಯದ ವಿಭಾಗಗಳೊಡನೆ ಕೈಜೋಡಿಸುತ್ತಿವೆ. 2013ರ ಕಂಪನಿಗಳ ಕಾಯಿದೆಯಂತೆ ನಿರ್ದಿಷ್ಟ ಪ್ರಮಾಣಕ್ಕಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಹಿತಕ್ಕೆ ವಿನಿಯೋಗಿಸಬೇಕು. ಶಿಕ್ಷಣವೂ ಅದರಲ್ಲಿ ಸೇರಿದೆ. ಕಾರ್ಖಾನೆಯು ಯಂತ್ರವನ್ನು ಕೊಡಬಹುದು, ವಿದ್ಯಾರ್ಥಿಗಳನ್ನು ಕೆಲಕಾಲ ಕರೆದುಕೊಂಡು ಕೆಲಸ ಕಲಿಸಬಹುದು, ತನ್ನ ಅನುಭವಿ ಇಂಜನಿಯರರನ್ನು ಪಾಠಕ್ಕೆ ಕಳುಹಬಹುದು, ತನ್ನ ಸಮಸ್ಯೆಯೊಂದನ್ನು ಸಂಶೋಧನೆಗೆ ಒಪ್ಪಿಸಬಹುದು. ಇದೆಲ್ಲವೂ ಸ್ವಾಗತಾರ್ಹವೇ. ಆದರೆ ಮೋಳಿಗೆಯ ಮಾರಯ್ಯನವರ ಪ್ರಸಂಗವು ಇಲ್ಲಿ ದಾರಿದೀಪವಾಗಬೇಕು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರಿ ದಾಸೋಹ ನಡೆಸುತ್ತಿದ್ದ ಆ ಶರಣರ ಗುಡಿಸಲಿನಲ್ಲಿ ಬಸವಣ್ಣನವರು ಹೊನ್ನಿನ ಗಂಟನ್ನು ಗುಟ್ಟಾಗಿ ಇಟ್ಟುಬಂದರಂತೆ. ಮಾರಯ್ಯನವರು ಅದನ್ನು ತಮ್ಮದೆನ್ನದೆ ಜಂಗಮಕ್ಕೆ ಸಲ್ಲಿಸಿ ಮತ್ತೆ ಕೊಡಲಿಯನ್ನು ಹೆಗಲಿಗೇರಿಸಿದರು. ಕೊಟ್ಟವರು ಬಸವಣ್ಣನವರೇ ಆದರೂ, ಆ ಹೊನ್ನಿಗಾಗಿ ತಮ್ಮ ಕಾಯಕದ ಸ್ವಾತಂತ್ರ್ಯವನ್ನು ಅವರು ಒಪ್ಪಿಸಲಿಲ್ಲ. ವಿಭಾಗವೂ ಅಂತೆಯೇ ನಡೆದುಕೊಳ್ಳಬೇಕು. ಸಿಮೆಂಟನ್ನು ಮಾರುವವನು ಕೊಟ್ಟ ಯಂತ್ರದಲ್ಲಿ ಅವನದೇ ಸಿಮೆಂಟನ್ನು ಪರೀಕ್ಷಿಸಿದಾಗ ಫಲಿತಾಂಶವು ಕಂಡಂತೆಯೇ ಹೊರಬರಬೇಕು. ಸತ್ಯವನ್ನು ಅಳೆಯುವ ಶಾಲೆಯು ಹಂಗಿಗಾಗಿ ಅಳತೆಯನ್ನು ಬದಲಿಸಿತೆಂದರೆ ಆ ದಾನವು ಶಾಲೆಯನ್ನೇ ನುಂಗಿತೆಂದು ತಿಳಿಯಬೇಕು. ಒಪ್ಪಂದಗಳು ಬರವಣಿಗೆಯಲ್ಲಿರಲಿ, ಪರೀಕ್ಷೆ, ಪಾಠ, ಪ್ರವೇಶ ಈ ಮೂರರಲ್ಲಿ ಕೊಟ್ಟವನ ಕೈ ಚಾಚದಿರಲಿ.

ಸಹಯೋಗವೆಂದರೆ ಶಾಲೆಯು ಕೇವಲ ಕೊಳ್ಳುವುದೂ ಅಲ್ಲ. ಅದಕ್ಕೂ ತನ್ನ ದಾಸೋಹವುಂಟು. ಸುತ್ತಣ ಹಳ್ಳಿಯ ಕೆರೆಯ ಏರಿ ಬಿರುಕುಬಿಟ್ಟಿದ್ದರೆ ವಿದ್ಯಾರ್ಥಿಗಳು ಗುರುಗಳೊಡನೆ ಹೋಗಿ ಅಳೆದು ವರದಿಯನ್ನು ಕೊಡಲಿ. ಹಳ್ಳಿಯ ಶಾಲೆಯ ಮಾಳಿಗೆಯು ಗಟ್ಟಿಯಾಗಿದೆಯೋ ಇಲ್ಲವೋ ನೋಡಲಿ. ಗಾಣದವನ, ನೇಕಾರನ, ಕಮ್ಮಾರನ ಉಪಕರಣವನ್ನು ಸುಧಾರಿಸುವ ಉಪಾಯವನ್ನು ಹುಡುಕಲಿ. ಸೊನ್ನಲಿಗೆಯ ಕೆರೆಯ ಪರಂಪರೆಯು ಅಲ್ಲಿ ಮುಂದುವರಿಯುವುದು.

ದಾಸೋಹಕ್ಕೆ ಎಲ್ಲೆಯುಂಟೆ? ಕಲ್ಯಾಣದ ಮಹಾಮನೆಯ ಬಾಗಿಲಿನಲ್ಲಿ ಬಂದವರ ಕುಲವನ್ನು ಕೇಳುವ ವಾಡಿಕೆಯಿರಲಿಲ್ಲ. ಭಕ್ತರು ಸ್ಥಾಪಿಸುವ ವಿದ್ಯಾರ್ಥಿವೇತನವೂ ಬಡತನವನ್ನು ನೋಡಲಿ, ಪ್ರತಿಭೆಯನ್ನು ನೋಡಲಿ. ಹೆಣ್ಣುಮಕ್ಕಳನ್ನು ವಿಶೇಷವಾಗಿ ನೆನೆಯಲಿ. ಸುಧಾ ಮೂರ್ತಿಯವರು ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜಿನಲ್ಲಿ ವಿದ್ಯುತ್ ಇಂಜನಿಯರಿಂಗನ್ನು ಅಭ್ಯಾಸ ಮಾಡಿದಾಗ ತರಗತಿಯಲ್ಲಿ ಅವರೊಬ್ಬರೇ ವಿದ್ಯಾರ್ಥಿನಿಯಾಗಿದ್ದರು. ಮುಂದೆ 1996ರಲ್ಲಿ ಆರಂಭವಾದ ಇನ್ಫೋಸಿಸ್ ಪ್ರತಿಷ್ಠಾನದ ಮೂಲಕ ಅವರು ಬಹುಜನರಿಗೆ ನೆರವಾದರು. ಅನ್ಯರ ಔದಾರ್ಯದಿಂದ ನಿಂತ ಶಾಲೆಯಲ್ಲಿ ಕಲಿತವರು ಅನ್ಯರಿಗೆ ಆಸರೆಯಾಗಿ ನಿಲ್ಲುವುದು ದಾಸೋಹದ ಸಹಜವಾದ ಫಲ. ಅಕ್ಕಮಹಾದೇವಿ, ಲಕ್ಕಮ್ಮ, ಸತ್ಯಕ್ಕ ಮೊದಲಾದ ಶರಣೆಯರಿಗೆ ಸಮಸ್ಥಾನವನ್ನಿತ್ತ ಧರ್ಮದ ಅನುಯಾಯಿಗಳು ಮಗಳ ಮದುವೆಗೆ ಕೂಡಿಡುವ ಹಣದಲ್ಲಿ ಒಂದು ಪಾಲನ್ನು ಇನ್ನೊಬ್ಬರ ಮಗಳ ವಿದ್ಯೆಗೆ ಕೊಡುವುದು ಉಚಿತವಾದ ಶಿವಕಾರ್ಯ.

ಮನೆಯಲ್ಲಿ ಲಿಂಗಪೂಜೆಯ ಕೋಣೆಯ ಬಳಿ ಒಂದು ಹುಂಡಿಯನ್ನಿಟ್ಟು, ಕಾಯಕದಿಂದ ಬಂದುದರಲ್ಲಿ ತಿಂಗಳಿಗೆ ಇಷ್ಟೆಂದು ಎತ್ತಿಡುವ ಕ್ರಮವನ್ನು ಗೃಹಸ್ಥರು ಕೈಗೊಳ್ಳಲಿ. ವರ್ಷಾಂತ್ಯಕ್ಕೆ ಅದನ್ನು ಹತ್ತಿರದ ಇಂಜನಿಯರಿಂಗ್ ವಿಭಾಗದ ವಿದ್ಯಾರ್ಥಿನಿಧಿಗೆ ಬಹಿರಂಗವಾಗಿ, ರಸೀದಿ ಪಡೆದು, ಸಲ್ಲಿಸಲಿ. ಆ ವಿದ್ಯಾಲಯದಲ್ಲಿಯೇ ಕಲಿತು ಇಂಜನಿಯರರಾದವರು ವರ್ಷಕ್ಕೆ ಕೆಲವು ದಿನಗಳನ್ನಾದರೂ ಮಕ್ಕಳಿಗೆ ಕಲಿಸಲು ಮೀಸಲಿಡಲಿ. ಅದು ತನುವಿನ ದಾಸೋಹ. ಗುತ್ತಿಗೆದಾರರು, ಕಾರ್ಖಾನೆಯ ಒಡೆಯರು ತಮ್ಮ ಅಂಗಳದಲ್ಲಿ ನಾಲ್ಕು ವಿದ್ಯಾರ್ಥಿಗಳಿಗೆ ಕೆಲಸವನ್ನು ಕಲಿಯಲು ಅವಕಾಶ ಮಾಡಿಕೊಡಲಿ. ಕೊಟ್ಟಮೇಲೆ ಕೊಟ್ಟುದನ್ನು ಮರೆಯಲಿ. ಮುಂದೆ ಯಾವನೋ ಒಬ್ಬ ಇಂಜನಿಯರನು ಕಟ್ಟಿದ ಸೇತುವೆಯ ಮೇಲೆ ಯಾರದೋ ಎತ್ತಿನ ಗಾಡಿಯು ಮಳೆಗಾಲದ ಹೊಳೆಯನ್ನು ನಿರ್ಭಯವಾಗಿ ದಾಟುವುದು. ಅವನನ್ನು ಓದಿಸಿದವರು ಯಾರೆಂದು ಗಾಡಿಯವನು ಅರಿಯನು, ಅರಿಯಬೇಕಾಗಿಯೂ ಇಲ್ಲ. ಆ ಲೆಕ್ಕವನ್ನು ಬಲ್ಲವನು ಕೂಡಲಸಂಗಮದೇವನೊಬ್ಬನೇ.

ಇಂತಹ ನಿರ್ಮಲವಾದ ವಿದ್ಯಾದಾಸೋಹದ ಬುದ್ಧಿಯು ಸದ್ಭಕ್ತರೆಲ್ಲರಲ್ಲಿ ನೆಲೆಸಲಿ. ಕೊಡುವ ಕೈಗಳೂ ಕೊಳ್ಳುವ ಕೈಗಳೂ ಸಮನಾಗಿ ಶುದ್ಧವಾಗಲಿ. ಶರಣು ಶರಣಾರ್ಥಿ.